ಪ್ಲಗ್ ಕೊಳ್ಳುವ ಮುಂಚೆ ನಂಬರ್ ನೋಡಿ

ಪೈರು ಬಾಡುವಾಗ ಕೃಷಿಹೊಂಡದ ಪೆಟ್ರೋಲ್ ಎಂಜಿನ್ ಕೈಕೊಟ್ಟರೆ ಬೆಳೆ ಹೋದಂತೆಯೇ. ಹಳೇ ಎಂಜಿನ್ ಅಂತ ಯಾವ್ದೋ ಒಂದು ಪ್ಲಗ್ ಹಾಕಬೇಡಿ, ಎಂಜಿನ್ ಪುಸ್ತಕದಲ್ಲಿರೋ ನಂಬರಿನದ್ದೇ ತನ್ನಿ. ಥ್ರೆಡ್ ಉದ್ದವಾದರೆ ಪಿಸ್ಟನ್ನಿಗೆ ಬಡಿದೀತು.

ಶಾಖದ ಅಂಕಿಯೂ ಮುಖ್ಯ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಂಪು. ಬಾಷ್‌ನಲ್ಲಿ ಉಲ್ಟಾ, ಏರಿದಷ್ಟೂ ಬಿಸಿ. ಅಂಕಿ ಒಂದೇ ಅಂತ ಕಂಪನಿ ಬದಲಿಸಬೇಡಿ. ಬಿಸಿ ಹೆಚ್ಚಾದರೆ ಪಿಸ್ಟನ್ ಸುಟ್ಟೀತು. ತಂಪು ಹೆಚ್ಚಾದರೆ ಮಸಿ ಕಟ್ಟಿ ಕಿಡಿ ಹಾರೋದಿಲ್ಲ.

ಹೊಸ ಪ್ಲಗ್ಗಿನ ಗ್ಯಾಪನ್ನೂ ಅಳೆದೇ ಹಾಕಿ. ಹೋಂಡಾ ಜಿಎಕ್ಸ್160ಕ್ಕೆ 0.7ರಿಂದ 0.8 ಮಿ.ಮೀ. ಫೀಲರ್ ಗೇಜ್ ತುಸು ಬಿಗಿಯಾಗಿ ಜಾರಬೇಕು. ಹೊರಗಿನ ಕಡ್ಡಿಯನ್ನಷ್ಟೇ ಬಗ್ಗಿಸಿ, ನಡುವಿನದ್ದು ಮುಟ್ಟಬೇಡಿ. ನಾಲ್ಕು ದಿನ ಓಡಿಸಿ, ಎಂಜಿನ್ ಆರಿದ ಮೇಲೆ ಬಿಚ್ಚಿ ನೋಡಿ: ತುದಿ ತಿಳಿಗಂದು ಬಣ್ಣವಿದ್ದರೆ ಸರಿಯಾಗಿದೆ.