ಟರ್ಮಿನಲ್ ಸರ್ವರಿನಲ್ಲಿ ಪ್ರಾರಂಭಕ ತಂತ್ರಾಂಶದ ಸ್ಥಾನವಿಚಾರ

ಒಂದೇ ಗಣಕಯಂತ್ರದಲ್ಲಿ ಅನೇಕರು ತಂತಮ್ಮ ಮೇಜುಗಳಿಂದ ಏಕಕಾಲದಲ್ಲಿ ಕೆಲಸಮಾಡುವ ವ್ಯವಸ್ಥೆಗೆ ಟರ್ಮಿನಲ್ ಸರ್ವರ್ ಎಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯು 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಒಂದು ಪ್ರತ್ಯೇಕ ಆವೃತ್ತಿಯಾಗಿ ಇದನ್ನು ಹೊರತಂದಿತು. 2009ರ ವಿಂಡೋಸ್ ಸರ್ವರ್ 2008 ಆರ್2ರಿಂದ ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್ ಎಂಬ ಹೆಸರಾಯಿತು. ಇಲ್ಲಿ ತಂತ್ರಾಂಶವು ನಡೆಯುವುದು ಸರ್ವರಿನಲ್ಲಿ. ಬಳಸುವವನ ಯಂತ್ರಕ್ಕೆ ಬರುವುದು ತೆರೆಯ ಚಿತ್ರ. ಅಲ್ಲಿಂದ ಹೋಗುವುದು ಕೀಲಿಮಣೆ ಮತ್ತು ಮೌಸುಗಳ ಸಂಜ್ಞೆ.

ಹೆಸರಿನ ಎರಡು ಮೂರು ಅಕ್ಷರಗಳನ್ನು ಒತ್ತಿದೊಡನೆ ಬೇಕಾದ ತಂತ್ರಾಂಶವನ್ನು ಹುಡುಕಿ ತೆರೆಯುವ ಸಾಧನವನ್ನು ಇಲ್ಲಿ ಪ್ರಾರಂಭಕವೆಂದು ಕರೆಯೋಣ. ಇದನ್ನು ಮೇಜಿನ ಯಂತ್ರದಲ್ಲಿರಿಸಬೇಕೇ, ಸರ್ವರಿನಲ್ಲಿರಿಸಬೇಕೇ ಎಂಬುದು ವಿಚಾರಣೀಯ ವಿಷಯ.

ಮೇಜಿನ ಯಂತ್ರದಲ್ಲಿಯೇ ಇರಲಿ, ಕೈಯಿರುವುದು ಅಲ್ಲಿಯೇ ಅಲ್ಲವೇ ಎಂಬುದು ಮೊದಲನೆಯ ಪಕ್ಷ. ಆದರೆ ಅಲ್ಲಿನ ಪ್ರಾರಂಭಕವು ತಾನಾಗಿ ಅರಿಯುವುದು ಆ ಯಂತ್ರದ ತಂತ್ರಾಂಶಗಳನ್ನು ಮಾತ್ರ. ಮೇಲಾಗಿ ಸರ್ವರಿನ ತೆರೆಯು ಪೂರ್ಣವಾಗಿ ಹರಡಿರುವಾಗ ವಿಂಡೋಸ್ ಕೀಲಿಯ ಸಂಯೋಗಗಳು ಸಾಮಾನ್ಯವಾಗಿ ಸರ್ವರಿಗೇ ಸಲ್ಲುತ್ತವೆ.

ಹಾಗಾದರೆ ಸರ್ವರಿನಲ್ಲಿರಲಿ ಎಂಬುದು ಎರಡನೆಯ ಪಕ್ಷ. ಅಲ್ಲಿಯೂ ದೋಷಗಳುಂಟು. ಪ್ರತಿಯೊಬ್ಬರ ಅಧಿವೇಶನದಲ್ಲಿಯೂ ಪ್ರಾರಂಭಕದ ಒಂದೊಂದು ಪ್ರತಿ ನಡೆಯತಕ್ಕದ್ದು. ಒಂದು ಪ್ರತಿಗೆ 50 ಎಂಬಿ ಸ್ಮೃತಿ ಬೇಕೆಂದು ಭಾವಿಸಿದರೆ, 40 ಜನರಿಗೆ 2,000 ಎಂಬಿ ವ್ಯಯವಾಗುವುದು. ಬಳಸುವವನ ಸ್ವಂತ ಡಿಸ್ಕು ಅಧಿವೇಶನದೊಳಕ್ಕೆ ಜೋಡಿಸಲ್ಪಟ್ಟಿದ್ದು, ಪ್ರಾರಂಭಕವು ಅದರ ಸೂಚಿಯನ್ನೂ ಕಟ್ಟಹೊರಟರೆ, ಆ ಹುಡುಕಾಟವೆಲ್ಲ ಜಾಲದ ಮೂಲಕ ನಡೆಯಬೇಕಾಗಿ ಮಂದಗತಿ ಪ್ರಾಪ್ತವಾಗುತ್ತದೆ. ಒಬ್ಬನ ಅನುಕೂಲವು ಉಳಿದವರ ಕಾರ್ಯಕ್ಕೆ ವಿಘ್ನವಾಗುವುದು ಹೀಗೆ.

ಇಲ್ಲಿ ಕಾರಕವಿವೇಕವು ಸಹಾಯಕವಾಗುತ್ತದೆ. ಬಳಸುವವನು ಕರ್ತೃ, ಮೇಜಿನ ಯಂತ್ರವು ಕರಣ, ಸರ್ವರು ಅಧಿಕರಣ. ಕರಣವೆಲ್ಲಿದೆಯೆಂದು ನೋಡಿ ಸ್ಥಾನವನ್ನು ನಿರ್ಣಯಿಸಿದುದೇ ಮೊದಲನೆಯ ಪಕ್ಷದ ದೋಷ. ಅಧಿಕರಣವೊಂದನ್ನೇ ನೋಡಿದುದು ಎರಡನೆಯದರ ದೋಷ. ಕರ್ತೃವು ಯಾವ ಮುಖಪಟದ ಎದುರಿನಲ್ಲಿ ದಿನವನ್ನು ಕಳೆಯುವನೋ ಅಲ್ಲಿಯೇ ಪ್ರಾರಂಭಕವಿರತಕ್ಕದ್ದೆಂಬುದು ಸಿದ್ಧಾಂತ.

ಆದಕಾರಣ ಇಡೀ ಮುಖಪಟವೇ ಸರ್ವರಿನಿಂದ ಬರುವಲ್ಲಿ ಪ್ರಾರಂಭಕವೂ ಅಲ್ಲಿಯೇ ಇರಲಿ; ಆದರೆ ಅದು ಲಘುವಾದುದಾಗಿರಲಿ, ಅದರ ಸೂಚಿಯು ಸ್ಟಾರ್ಟ್ ಮೆನುವಿಗೆ ಸೀಮಿತವಾಗಿರಲಿ, ಪ್ರತಿಯೊಬ್ಬರ ಆಯ್ಕೆಗಳು ಅವರವರ ಪ್ರೊಫೈಲಿನಲ್ಲಿ ಉಳಿಯಲಿ. 2008ರ ಸರ್ವರಿನೊಡನೆ ಬಂದ ರಿಮೋಟ್‌ಆ್ಯಪ್ ಕ್ರಮದಂತೆ ಒಂದೊಂದೇ ತಂತ್ರಾಂಶದ ಕಿಟಕಿಯು ಬರುವಲ್ಲಿ ಮೇಜಿನ ಯಂತ್ರವೇ ಯೋಗ್ಯಸ್ಥಾನ. ವಿಂಡೋಸ್ 7ರಿಂದೀಚೆಗೆ ಇಂತಹ ತಂತ್ರಾಂಶಗಳ ಕೊಂಡಿಗಳನ್ನು ಸ್ಥಳೀಯ ಸ್ಟಾರ್ಟ್ ಮೆನುವಿನಲ್ಲಿಯೇ ಸೇರಿಸಲು ಸಾಧ್ಯವಿರುವುದರಿಂದ, ಮೊದಲನೆಯ ಪಕ್ಷಕ್ಕೆ ಹೇಳಿದ ಅಜ್ಞಾನದೋಷವು ಇಲ್ಲಿ ಪರಿಹಾರವಾಗುತ್ತದೆ. ಎರಡೂ ಕಡೆ ಇರಿಸಲೇಬೇಕಾದರೆ ಕರೆಯುವ ಕೀಲಿಗಳು ಭಿನ್ನವಾಗಿರಬೇಕು. ಇಲ್ಲವಾದರೆ ಯಾವುದು ಓಗೊಟ್ಟಿತೆಂಬ ಭ್ರಾಂತಿ ತಪ್ಪದು.

ಕಡೆಯದಾಗಿ ಒಂದು ಎಚ್ಚರಿಕೆ. ಪ್ರಾರಂಭಕದ ಪಟ್ಟಿಯಿಂದ ಒಂದು ಹೆಸರನ್ನು ತೆಗೆದ ಮಾತ್ರಕ್ಕೆ ಆ ತಂತ್ರಾಂಶವು ನಿಷಿದ್ಧವಾಗದು. ಆಜ್ಞೆಯನ್ನು ಬರೆದು ತೆರೆಯಬಲ್ಲ ಪ್ರಾರಂಭಕವಿದ್ದಲ್ಲಿ ಮರೆಮಾಡಿದುದೂ ತೆರೆಯುವುದು. ಅನೇಕರು ಆಶ್ರಯಿಸಿರುವ ಯಂತ್ರದಲ್ಲಿ ಇದು ಅಲ್ಪವಿಷಯವಲ್ಲ. ನಿಷೇಧವನ್ನು ಕಡತಗಳ ಅಧಿಕಾರದಿಂದಲೂ ಆ್ಯಪ್‌ಲಾಕರಿನಂತಹ ನಿಯಮಗಳಿಂದಲೂ ಸಾಧಿಸಬೇಕು. ಪ್ರಾರಂಭಕವು ದಾರಿತೋರುವ ಪರಿಚಾರಕನೇ ಹೊರತು ದ್ವಾರಪಾಲಕನಲ್ಲ.