ಪೊರೆಯಾಚೆಯ ನೀರು

ಪುಣೆಯ ಕೋಥರೂಡದ ನಲ್ಲಿಗಳಿಗೆ ಬರುವುದು ಖಡಕ್‌ವಾಸ್ಲಾ ಜಲಾಶಯದ ನೀರು, ಶುದ್ಧೀಕರಿಸಿ ಕ್ಲೋರಿನ್ ಬೆರೆಸಿದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಇಲ್ಲದಿದ್ದರೆ ಕೊಳವೆಯಲ್ಲಿ ಬರುವಾಗಲೇ ರೋಗಾಣು ಸೇರಿಕೊಂಡೀತು. ಮೂತ್ರಪಿಂಡ ಕೈಕೊಟ್ಟವರ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್‌ನ ನೀರಿಗಿರುವ ಅಂತರರಾಷ್ಟ್ರೀಯ ಮಾನಕವಾದರೋ ಒಟ್ಟು ಕ್ಲೋರಿನ್ 0.1 ಮಿಲಿಗ್ರಾಂ ದಾಟಕೂಡದು ಎನ್ನುತ್ತದೆ. ಕುಡಿಯಲು ಯೋಗ್ಯವಾದ ನೀರು ಅದೇ ಕಾರಣಕ್ಕೆ ಡಯಾಲಿಸಿಸ್‌ಗೆ ಅಯೋಗ್ಯವಾಯಿತು. ಡಯಾಲಿಸಿಸ್ ಎಂದರೆ ನಮ್ಮ ಮಾತೆಲ್ಲ ಯಂತ್ರದ ಸುತ್ತ ಸುತ್ತುತ್ತದೆ: ಯಾವ ಊರಿಗೆ ಎಷ್ಟು ಬಂದವು, ಎಷ್ಟು ಕೆಟ್ಟು ನಿಂತಿವೆ. ಆದರೆ ಈ ಚಿಕಿತ್ಸೆಯ ಫಲವನ್ನೂ ಅಪಾಯವನ್ನೂ ನಿರ್ಧರಿಸುವುದು ಬಹುಪಾಲು ಪೊರೆಯ ಆಚೆಗಿರುವ ದ್ರವ.

ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ 1861ರಲ್ಲಿ ಈ ಕ್ರಿಯೆಗೆ ಡಯಾಲಿಸಿಸ್ ಎಂದು ಹೆಸರಿಟ್ಟಾಗ ಅವನ ಮುಂದಿದ್ದದ್ದು ರೋಗಿಯಲ್ಲ, ಚರ್ಮಕಾಗದದ ಒಂದು ಪೊರೆ. ಸಣ್ಣ ಅಣುಗಳು ಅದನ್ನು ದಾಟಿದವು, ಅಂಟಿನಂಥ ದೊಡ್ಡ ಅಣುಗಳು ಉಳಿದವು. ಇದನ್ನು ಜರಡಿ ಎಂದುಕೊಂಡರೆ ಅರ್ಧವಷ್ಟೇ ಅರ್ಥವಾದಂತೆ. ಜರಡಿ ಹಿಡಿದದ್ದು ಒಂದೇ ಕಡೆಗೆ ಉದುರುತ್ತದೆ. ಇಲ್ಲಿ ಅಣುಗಳು ಎರಡೂ ಕಡೆಗೆ ಓಡಾಡುತ್ತವೆ, ಸಾಂದ್ರತೆ ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ಹೆಚ್ಚು ಹೋಗುತ್ತವೆ, ಎರಡೂ ಕಡೆ ಸಮವಾದೊಡನೆ ಲಾಭ ಮುಗಿಯುತ್ತದೆ. ಜೀವರಸಾಯನ ಪ್ರಯೋಗಾಲಯಗಳಲ್ಲಿ ಇದು ನಿತ್ಯದ ಕೆಲಸ. ಉಪ್ಪು ಬೆರೆತ ಹತ್ತು ಮಿಲಿಲೀಟರ್ ಪ್ರೋಟೀನ್ ದ್ರಾವಣವನ್ನು ಪೊರೆಯ ಚೀಲದಲ್ಲಿ ಕಟ್ಟಿ ಒಂದು ಲೀಟರ್ ದ್ರವದಲ್ಲಿ ಬಿಟ್ಟರೆ ಉಪ್ಪು ಸುಮಾರು ನೂರನೆಯ ಒಂದು ಪಾಲಿಗೆ ಇಳಿದು ನಿಲ್ಲುತ್ತದೆ. ಎಷ್ಟು ಹೊತ್ತು ಕಾದರೂ ಮುಂದಕ್ಕೆ ಇಳಿಯದು. ಹೊರಗಿನ ದ್ರವ ಬದಲಿಸಿದರೆ ಹತ್ತು ಸಾವಿರದಲ್ಲಿ ಒಂದು ಪಾಲು. ಚೀಲ ಅದೇ, ಪೊರೆಯೂ ಅದೇ.

1943ರಲ್ಲಿ ಜರ್ಮನ್ನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ ಸೆಲ್ಲೋಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ ರೋಗಿಯ ರಕ್ತ ಹರಿಸಿದ್ದೂ ಇದೇ ತತ್ತ್ವದ ಮೇಲೆ. ಇಂದು ಒಂದು ಡಯಾಲೈಸರ್‌ನಲ್ಲಿ ಸಾವಿರಾರು ಟೊಳ್ಳು ಎಳೆಗಳಿರುತ್ತವೆ. ಒಳಗೆ ರಕ್ತ, ಹೊರಗೆ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ದ್ರವ. ನಾಲ್ಕು ಗಂಟೆಗೆ 120 ಲೀಟರ್, ವಾರಕ್ಕೆ ಮೂರು ಸಲವಾದರೆ 360 ಲೀಟರ್. ಯಾರೂ ವಾರಕ್ಕೆ ಇಷ್ಟು ನೀರು ಕುಡಿಯುವುದಿಲ್ಲ. ಕುಡಿದರೂ ನಡುವೆ ಕರುಳಿನ ಕಾವಲಿದೆ. ಇಲ್ಲಿ ರಕ್ತಕ್ಕೂ ನೀರಿಗೂ ನಡುವೆ ಕೂದಲಿಗಿಂತ ತೆಳುವಾದ ಪೊರೆ ಮಾತ್ರ.

ನೀರು ನರದೊಳಗೆ ಹೋಗುವುದಿಲ್ಲವಲ್ಲ, ಇಷ್ಟು ಕಟ್ಟುನಿಟ್ಟು ಏಕೆ ಎಂಬ ಆಕ್ಷೇಪ ಸಹಜ. ಆದರೆ ರಕ್ತದ ಕಸವಾದ ಯೂರಿಯಾ ಹೊರಬರುವ ರಂಧ್ರದಲ್ಲೇ, ನೀರಿನ ಕ್ಲೋರಿನ್‌ನಿಂದ ಹುಟ್ಟುವ ಕ್ಲೋರಮೈನ್ ಒಳಹೊಕ್ಕು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. 1970ರ ದಶಕದಲ್ಲಿ ಹಲವು ಡಯಾಲಿಸಿಸ್ ರೋಗಿಗಳಿಗೆ ಮಾತು ತೊದಲಿ, ಬುದ್ಧಿ ಮಂಕಾಗಿ, ಸಾವೂ ಬಂದದ್ದಕ್ಕೆ ನೀರಿನ ಅಲ್ಯೂಮಿನಿಯಂ ಒಂದು ಮುಖ್ಯ ಕಾರಣ. ಬ್ರೆಜಿಲ್‌ನ ಕರುವಾರುವಿನಲ್ಲಿ 1996ರಲ್ಲಿ ನೀಲಿ-ಹಸಿರು ಪಾಚಿಯ ವಿಷ ಬೆರೆತ ನೀರಿನಿಂದ ಒಂದೇ ಕೇಂದ್ರದ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಅಲ್ಲಿ ದೋಷವಿದ್ದದ್ದು ಯಂತ್ರದಲ್ಲಲ್ಲ.

ಹಾಗಾದರೆ ಬರೀ ಶುದ್ಧ ನೀರು ಸಾಕೇ? ಸಾಲದು. ಶುದ್ಧ ನೀರನ್ನಷ್ಟೇ ಹರಿಸಿದರೆ ರಕ್ತದ ಸೋಡಿಯಂ ಸೋರಿಹೋಗಿ, ಕಣಗಳು ಉಬ್ಬಿ ಒಡೆದು, ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಉಳಿಸಬೇಕಾದ ಸೋಡಿಯಂ ಅನ್ನು ರಕ್ತದಲ್ಲಿರುವಷ್ಟೇ ಬೆರೆಸುತ್ತಾರೆ, ತೆಗೆಯಬೇಕಾದ ಪೊಟ್ಯಾಸಿಯಂ ಅನ್ನು ಕಡಿಮೆ ಇಡುತ್ತಾರೆ, ಯೂರಿಯಾ ಸೊನ್ನೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಬರಗಾಲದ ತಾಲೂಕುಗಳಲ್ಲಿ ಇಷ್ಟು ನೀರು ಎಲ್ಲಿಂದ ತರುವುದು, ಅದೂ ನೀರನ್ನು ಶುದ್ಧೀಕರಿಸುವ ಆರ್‌ಓ ಘಟಕ ಒಳಬಂದ ನೀರಿನಲ್ಲಿ ಒಂದು ಪಾಲನ್ನು ಚೆಲ್ಲುವಾಗ? ಚೆಲ್ಲುವ ನೀರು ರೋಗಿಯನ್ನು ಮುಟ್ಟಿದ್ದಲ್ಲ, ಲವಣ ಹೆಚ್ಚಾದ ನಲ್ಲಿ ನೀರಷ್ಟೇ. ಶೌಚಾಲಯಕ್ಕೂ ನೆಲ ತೊಳೆಯಲೂ ಒದಗುತ್ತದೆ. ಹೊಟ್ಟೆಯ ಒಳಪೊರೆಯನ್ನೇ ಬಳಸುವ ಪೆರಿಟೋನಿಯಲ್ ಡಯಾಲಿಸಿಸ್‌ಗೆ ದಿನಕ್ಕೆ ಎಂಟು ಲೀಟರಿನಷ್ಟು ಸಿದ್ಧ ದ್ರವ ಸಾಕು, ಮನೆಯಲ್ಲೇ ಆಗುತ್ತದೆ. ಸೋಂಕಿನ ಭಯ, ದ್ರವದ ಚೀಲಗಳ ಸಾಗಾಟ ಅದರ ತೊಡಕು. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದ ಮೇಲೆ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರಗಳು ಬಂದಿವೆ, ಅದು ದೊಡ್ಡ ಉಪಕಾರ. ಆ ಯಂತ್ರಗಳ ಲೆಕ್ಕದ ಪಕ್ಕದಲ್ಲೇ ನೀರಿನ ಪರೀಕ್ಷೆಯ ವರದಿಯನ್ನೂ ರೋಗಿಗಳಿಗೆ ಕಾಣುವಂತೆ ಗೋಡೆಗೆ ಹಚ್ಚಬೇಕು, ಕ್ಲೋರಿನ್ ಪ್ರಮಾಣವನ್ನು ಪ್ರತಿ ಪಾಳಿಗೂ ಮುನ್ನ ಬರೆಯಬೇಕು.