ವಾಹನದ ಮೇಲೆ ಸಿಡಿದ ಗೋಡೆ ಬಣ್ಣ: ತೆಗೆಯುವ ಕ್ರಮ ಮತ್ತು ಲೆಕ್ಕದ ವಿಚಾರ

ಗೌರಿ-ಗಣೇಶ ಹಬ್ಬದಿಂದ ದೀಪಾವಳಿಯವರೆಗೆ ಅಂಗಡಿ, ಗೋದಾಮು ಹಾಗೂ ಮನೆಗಳಿಗೆ ಸುಣ್ಣ-ಬಣ್ಣ ಮಾಡಿಸುವುದು ನಮ್ಮಲ್ಲಿ ವಾಡಿಕೆ. ಕೊಣನೂರು, ರಾಮನಾಥಪುರ, ಅರಕಲಗೂಡಿನಂತಹ ಊರುಗಳಲ್ಲಿ ವರ್ತಕರ ಕಾರು, ಸರಕು ವಾಹನಗಳು ಸಾಮಾನ್ಯವಾಗಿ ಅಂಗಡಿಯ ಮುಂದೆಯೇ ನಿಲ್ಲುತ್ತವೆ. ಏಣಿಯ ಮೇಲಿಂದ ಬಿದ್ದ ನಾಲ್ಕು ಹನಿ ಬಣ್ಣ ಚಿಕ್ಕ ಸಂಗತಿಯಂತೆ ಕಂಡರೂ, ಅದನ್ನು ತಪ್ಪು ಕ್ರಮದಲ್ಲಿ ಕೆರೆದು ತೆಗೆದರೆ ಬಾಗಿಲಿಗೋ ಬಾನೆಟ್ಟಿಗೋ ಪೂರ್ತಿ ಹೊಸ ಬಣ್ಣ ಹೊಡೆಸಬೇಕಾಗುತ್ತದೆ. ಅವಸರದಲ್ಲಿ ವಿಮೆಯ ಪರಿಹಾರ ಕೇಳಿದರೆ ನಷ್ಟ ಇನ್ನೂ ಹೆಚ್ಚಬಹುದು. ಆದುದರಿಂದ ಈ ಎರಡೂ ವಿಷಯಗಳನ್ನು ಇಲ್ಲಿ ಒಟ್ಟಿಗೆ ವಿವರಿಸಲಾಗಿದೆ.

ಮೊದಲು ಬಣ್ಣದ ಜಾತಿ ತಿಳಿಯಿರಿ

ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಪ್ರೈಮರ್, ಬಣ್ಣ ಮತ್ತು ಹೊಳಪು ಕೊಡುವ ಪಾರದರ್ಶಕ ಲೇಪ (ಕ್ಲಿಯರ್ ಕೋಟ್) ಇರುತ್ತವೆ. ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಮಾತ್ರ; ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಸಿಡಿದ ಬಣ್ಣವು ಮೇಲಿನ ಪಾರದರ್ಶಕ ಲೇಪದ ಮೇಲೆ ಕೂತಿರುತ್ತದೆ. ಆ ಲೇಪಕ್ಕೆ ಘಾಸಿಯಾಗದಂತೆ ಹನಿಯನ್ನು ಬಿಡಿಸುವುದೇ ನಮ್ಮ ಉದ್ದೇಶ. ಅದಕ್ಕಾಗಿ ಯಾವ ಡಬ್ಬದ ಬಣ್ಣವೆಂದು ಪೇಂಟರನ್ನು ಕೇಳಿ ತಿಳಿಯಬೇಕು.

1. ಡಿಸ್ಟೆಂಪರ್ ಮತ್ತು ಎಮಲ್ಷನ್: ಇವು ನೀರಿನಲ್ಲಿ ಕದಡುವ ಬಣ್ಣಗಳು. ಹಸಿಯಿರುವಾಗಲೇ ಧಾರಾಳವಾಗಿ ನೀರು ಸುರಿದು, ಕಾರ್ ಶಾಂಪೂ ಹಾಕಿ, ಮೃದುವಾದ ಬಟ್ಟೆಯಿಂದ ತೊಳೆದರೆ ಹೋಗುತ್ತವೆ. ಒಣಗಿದ್ದರೆ, ಸೋಪಿನ ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹನಿಗಳ ಮೇಲೆ ಅರ್ಧ ಗಂಟೆ ಹೊದಿಸಿಡಬೇಕು. ಬಣ್ಣ ಮೆದುವಾದ ಮೇಲೆ ಬೆರಳ ಉಗುರಿನಿಂದ ಮೆಲ್ಲಗೆ ಎಬ್ಬಿಸಬಹುದು.

2. ಎನಾಮಲ್: ಷಟರ್, ಕಿಟಕಿ, ಗ್ರಿಲ್‌ಗಳಿಗೆ ಬಳಸುವ ಎಣ್ಣೆ ಬಣ್ಣ. ಇದಕ್ಕೆ ನೀರು ಸಾಲದು. ಬಟ್ಟೆಗೆ ಸ್ವಲ್ಪವೇ ಟರ್ಪೆಂಟೈನ್ ತಾಗಿಸಿ, ಒಂದು ಸಲಕ್ಕೆ ಒಂದೇ ಹನಿಯನ್ನು ಒರೆಸಿ, ಕೂಡಲೇ ಸೋಪು ನೀರಿನಿಂದ ತೊಳೆಯಬೇಕು. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ ನೋಡುವುದು ಕ್ಷೇಮ. ಈ ಕೆಲಸವನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರದಲ್ಲಿ ಮಾಡತಕ್ಕದ್ದು.

3. ಸುಣ್ಣ: ಇದು ಕ್ಷಾರ. ಹಸಿಯಾಗಿ ಬಹಳ ಹೊತ್ತು ನಿಂತರೆ ಹೊಳಪಿನ ಲೇಪವನ್ನು ಕಚ್ಚಿ ಕಲೆ ಮಾಡಬಲ್ಲದು. ಒಣಗುತ್ತಾ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಿನಂತಾಗುವುದರಿಂದ ಆಮೇಲೆ ಬರಿಯ ನೀರಿಗೆ ಕರಗದು. ಆಗ ನೀರು ಬೆರೆಸಿದ ವಿನೆಗರಿನಿಂದ ನೆನೆಸಿ, ತಕ್ಷಣ ಚೆನ್ನಾಗಿ ತೊಳೆಯಬೇಕು.

4. ಸ್ಪ್ರೇ ತುಂತುರು: ಮುಟ್ಟಿದರೆ ಮರಳಿನಂತೆ ಒರಟಾಗಿರುವ ಸಣ್ಣ ಕಣಗಳಿಗೆ, ವಾಹನ ಪಾಲಿಷ್ ಮಾಡುವವರ ಬಳಿ ಸಿಗುವ ಕ್ಲೇ ಬಾರ್ ಎಂಬ ಜೇಡಿಯಂತಹ ಉಂಡೆ ಉತ್ತಮ. ಸೋಪು ನೀರು ಹಾಕಿ ಒತ್ತಡವಿಲ್ಲದೆ ಉಜ್ಜಿದರೆ ಕಣಗಳು ಅದಕ್ಕೆ ಅಂಟಿಕೊಂಡು ಬರುತ್ತವೆ. ಉಂಡೆ ನೆಲಕ್ಕೆ ಬಿದ್ದರೆ ಮತ್ತೆ ಬಳಸಬಾರದು. ಅಂಟಿದ ಮಣ್ಣು ಗೀರು ಮಾಡುತ್ತದೆ.

ಬ್ಲೇಡು, ಉಪ್ಪುಕಾಗದ, ತೆಂಗಿನ ನಾರು, ಪಾತ್ರೆ ತೊಳೆಯುವ ಪುಡಿ ಇವನ್ನು ಬಣ್ಣದ ಮೇಲೆ ಸರ್ವಥಾ ಬಳಸಬಾರದು. ಥಿನ್ನರ್ ಮತ್ತು ಪೆಟ್ರೋಲ್ ಕೂಡ ಬೇಡ. ವಿಶೇಷವಾಗಿ ಗ್ಯಾರೇಜಿನಲ್ಲಿ ಮರುಬಣ್ಣ ಮಾಡಿಸಿದ ಭಾಗವನ್ನು ಥಿನ್ನರ್ ಕರಗಿಸಿಬಿಡಬಹುದು. ಪ್ಲಾಸ್ಟಿಕ್ ಹೆಡ್‌ಲೈಟನ್ನು ಮಂಕಾಗಿಸಬಹುದು. ಗಾಜಿನ ಮೇಲೆ ಮಾತ್ರ ಸೋಪು ನೀರು ಹಚ್ಚಿ, ಬ್ಲೇಡನ್ನು ಓರೆಯಾಗಿ ಹಿಡಿದು ತೆಗೆಯಬಹುದು. ಕೊನೆಯಲ್ಲಿ ವ್ಯಾಕ್ಸ್ ಹಚ್ಚಿದರೆ ರಕ್ಷಣೆ ಮರಳುತ್ತದೆ.

ವಿಮೆ: ಮೊದಲು ಕೂಡಿಸಿ ಕಳೆಯಿರಿ

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಸ್ವಂತ ವಾಹನದ ಹಾನಿಗೆ ಪರಿಹಾರವಿಲ್ಲ. ಸ್ವಂತ ಹಾನಿಯ ವಿಮೆ ಇದ್ದು, ಹಾನಿ ಆಕಸ್ಮಿಕವಾಗಿದ್ದರೆ ಕೇಳಬಹುದು. ಆದರೆ ಕೇಳಿದೊಡನೆ ನೋ ಕ್ಲೈಮ್ ಬೋನಸ್ ಹೋಗುತ್ತದೆ. ಈ ರಿಯಾಯಿತಿಯ ಮೆಟ್ಟಿಲುಗಳು ಶೇ. 20, 25, 35, 45 ಮತ್ತು 50.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. 1,500 ಸಿ.ಸಿ. ಮೀರದ ಕಾರಿಗೆ ಮರುಬಣ್ಣದ ಬಿಲ್ಲು ರೂ. 9,000 ಎಂದುಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಬಣ್ಣದ ಒಟ್ಟು ಬಿಲ್ಲಿನ ಶೇ. 25ನ್ನು ಸಾಮಗ್ರಿಯ ಬೆಲೆ ಎಂದು ಪರಿಗಣಿಸಿ, ಅದರ ಅರ್ಧವನ್ನು ಸವಕಳಿ ಎಂದು ಕಳೆಯುತ್ತಾರೆ: ರೂ. 1,125. ಕಡ್ಡಾಯ ಕಡಿತ ರೂ. 1,000. ಕೈಗೆ ಬರುವುದು ರೂ. 6,875. ಇನ್ನು ಬೋನಸ್ ಕಳೆಯುವ ಮೊದಲಿನ ಸ್ವಂತ ಹಾನಿಯ ಪ್ರೀಮಿಯಂ ರೂ. 12,000 ಇದ್ದು, ಈ ವರ್ಷದ ರಿಯಾಯಿತಿ ಶೇ. 35 ಎನ್ನಿ. ಪರಿಹಾರ ಕೇಳದಿದ್ದರೆ ಮುಂದಿನ ವರ್ಷ ಶೇ. 45, ಅಂದರೆ ರೂ. 5,400 ಉಳಿಯುತ್ತಿತ್ತು, ಕೇಳಿದರೆ ಸೊನ್ನೆ. ಅದರ ಮರುವರ್ಷ ಶೇ. 50ರ ಬದಲು ಶೇ. 20, ವ್ಯತ್ಯಾಸ ರೂ. 3,600. ಪ್ರೀಮಿಯಂ ಹಾಗೆಯೇ ಇದ್ದರೂ ಎರಡು ವರ್ಷಗಳಲ್ಲಿ ರೂ. 9,000 ನಷ್ಟ! ಹಾನಿ ದೊಡ್ಡದಾದರೆ ಅಥವಾ ಬೋನಸ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಪಡೆದಿದ್ದರೆ ಲೆಕ್ಕ ಬೇರೆಯಾಗುತ್ತದೆ. ಕೇಳುವುದಾದರೆ ರಿಪೇರಿಗೆ ಮುನ್ನವೇ ವಿಮಾ ಕಂಪನಿಗೆ ತಿಳಿಸಿರಬೇಕು.

ತೆರಿಗೆ ಮತ್ತು ಕರಾರು

ವ್ಯಾಪಾರದ ವಾಹನವನ್ನು ಮೊದಲಿನ ಸ್ಥಿತಿಗೆ ತರುವ ಖರ್ಚು ಆದಾಯ ತೆರಿಗೆಯಲ್ಲಿ ಚಾಲ್ತಿ ವೆಚ್ಚ. ಸ್ವಂತ ಬಳಕೆಯ ಪಾಲನ್ನು ಮಾತ್ರ ಬಿಡಬೇಕು. ಸರಕು ವಾಹನದ ರಿಪೇರಿಯ ಮೇಲೆ ಕೊಟ್ಟ ಜಿ.ಎಸ್.ಟಿ.ಗೆ, ಕಾಂಪೊಸಿಷನ್ ಯೋಜನೆಯಲ್ಲಿ ಇಲ್ಲದ ನೋಂದಾಯಿತ ವರ್ತಕರು, ತಮ್ಮ ಸಂಖ್ಯೆಯುಳ್ಳ ಸರಿಯಾದ ಬಿಲ್ಲು ಪಡೆದರೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ವರ್ತಕರು ತಮ್ಮ ಓಡಾಟಕ್ಕೆ ಇಟ್ಟುಕೊಂಡ ಕಾರಿಗೆ ಈ ಜಮೆ ಸಿಗದು.

ಎಲ್ಲಕ್ಕಿಂತ ಮಿಗಿಲಾದುದು ಮುನ್ನೆಚ್ಚರಿಕೆ. ಬಣ್ಣದ ಗುತ್ತಿಗೆ ಕೊಡುವಾಗ ಬಾಯಿಮಾತಿಗೆ ಬಿಡದೆ ಎರಡು ಸಾಲು ಬರೆಸಿಕೊಳ್ಳಿ: ಹೊದಿಕೆ ಕಟ್ಟುವ ಹೊಣೆ ಗುತ್ತಿಗೆದಾರನದು, ವಾಹನಗಳಿಗೆ ಆದ ಹಾನಿಯನ್ನು ಆತನೇ ಭರಿಸತಕ್ಕದ್ದು. ಕರಾರು ಮುರಿದು ನಷ್ಟ ಮಾಡಿದವರಿಂದ ಪರಿಹಾರ ಪಡೆಯುವ ಹಕ್ಕನ್ನು 1872ರ ಭಾರತೀಯ ಕರಾರು ಅಧಿನಿಯಮ ಕೊಟ್ಟಿದೆ. ಕೊನೆಯ ಕಂತನ್ನು ಕೆಲಸ ಮುಗಿದು ಪರಿಶೀಲಿಸಿದ ಮೇಲೆ ಕೊಡಿ. ಹಾನಿಯಾದರೆ ತೊಳೆಯುವ ಮೊದಲೇ ಫೋಟೋ ತೆಗೆದಿಡಿ. ಅಕ್ಕಪಕ್ಕದ ಅಂಗಡಿಯವರಿಗೆ ಹಿಂದಿನ ದಿನವೇ ತಿಳಿಸಿ. ಏಕೆಂದರೆ ಗಿರಾಕಿಯ ವಾಹನದ ಮೇಲೆ ಬಣ್ಣ ಬಿದ್ದರೆ ಆತ ಗುತ್ತಿಗೆದಾರನನ್ನು ಹುಡುಕಿಕೊಂಡು ಹೋಗುವುದಿಲ್ಲ, ತಮ್ಮ ಅಂಗಡಿಗೇ ಬರುತ್ತಾನೆ.